ಆಟೋಕ್ರಾಸ್ ಶುರುಮಾಡುವವರಿಗೆ: ಮನೆ ಕಾರೋ, ಹಳೇ ಕಾರೋ, ಪಾಲಿನ ಸೀಟೋ?

ಮೈಸೂರು, ಮಂಡ್ಯ ಕಡೆಯಿಂದ ಆಟೋಕ್ರಾಸ್‌ಗೆ ಇಳಿಯಬೇಕು ಅನ್ನುವವರು ಮೊದಲು ಕೇಳುವುದೇ "ಯಾವ ಕಾರು ತಗೊಳ್ಳಲಿ?" ಎಂದು. ಉತ್ತರಕ್ಕೆ ಮುಂಚೆ ಒಂದು ಲೆಕ್ಕ ಹಾಕಿ. ಒಂದು ರನ್ ಸಾಮಾನ್ಯವಾಗಿ 60ರಿಂದ 90 ಸೆಕೆಂಡಿನದು. ದಿನಕ್ಕೆ ಸಿಗುವುದು ಎರಡೋ ಮೂರೋ ರನ್. ನಸುಕಿನಲ್ಲಿ ಮನೆ ಬಿಟ್ಟು ಸಂಜೆ ಮರಳುವ ಇಡೀ ಭಾನುವಾರದಲ್ಲಿ ಗಡಿಯಾರ ಓಡುತ್ತಿರುವಾಗ ನೀವು ಸ್ಟಿಯರಿಂಗ್ ಹಿಡಿದಿರುವುದು ಐದು ನಿಮಿಷಕ್ಕಿಂತ ಕಡಿಮೆ. ಹೊಸಬರಿಗೆ ಸಾಲದೆ ಬರುವುದು ಅಶ್ವಶಕ್ತಿಯಲ್ಲ, ಈ ನಿಮಿಷಗಳು. ಹಾಗಾಗಿ ಕೆಳಗಿನ ಪ್ರತಿ ಆಯ್ಕೆಯನ್ನೂ ನಾವು ಅಳೆದಿರುವುದು ಒಂದೇ ಅಳತೆಯಲ್ಲಿ: ಕೊಟ್ಟ ದುಡ್ಡಿಗೆ ಮೊದಲ ವರ್ಷದಲ್ಲಿ ಎಷ್ಟು ಹೆಚ್ಚು ಓಡಿಸಲು ಸಿಗುತ್ತದೆ?

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕೋನ್‌ಗಳನ್ನಿಟ್ಟು ಗುರುತು ಮಾಡಿದ ದಾರಿಯಲ್ಲಿ ಒಂದು ಸಲಕ್ಕೆ ಒಂದೇ ಕಾರು ಓಡುತ್ತದೆ, ಪೈಪೋಟಿ ಗಡಿಯಾರದ ಜೊತೆ. ವೇಗ ಬಹುತೇಕ ಎರಡನೇ ಗೇರಿನ ಒಳಗೇ. ಕೋನ್ ಬಿದ್ದರೆ ಸಮಯಕ್ಕೆ ಸೆಕೆಂಡುಗಳು ಸೇರುತ್ತವೆ, ದಾರಿ ತಪ್ಪಿದರೆ ಶಿಕ್ಷೆ ಇನ್ನೂ ದೊಡ್ಡದು. ಎಷ್ಟು ಎನ್ನುವುದು ಆಯಾ ಸ್ಪರ್ಧೆಯ ನಿಯಮಪುಸ್ತಕದಲ್ಲಿರುತ್ತದೆ. ಹೆಸರು ಕೊಡುವ ಮುಂಚೆ ಅದನ್ನು ಓದಿ.

ಮಣ್ಣೋ, ಟಾರೋ?

ನಮ್ಮ ಭಾಗದಲ್ಲಿ ಆಟೋಕ್ರಾಸ್ ಎಂದರೆ ಹೆಚ್ಚಾಗಿ ಮಣ್ಣಿನದೇ. ಮೈಸೂರಿನ ಲಲಿತಮಹಲ್ ಹೆಲಿಪ್ಯಾಡ್ ಮೈದಾನದಲ್ಲಿ ಇಂಥ ಮಣ್ಣಿನ ಓಟಗಳು ನಡೆದಿವೆ. ಟಾರು, ಕಾಂಕ್ರೀಟಿನ ಮೇಲೆ ಓಡಿಸಬೇಕೆಂದರೆ ಬೆಂಗಳೂರಿಗೋ ಕೊಯಮತ್ತೂರಿಗೋ ಹೋಗಲು ತಯಾರಿರಿ. ಕೊಯಮತ್ತೂರಿನಿಂದ ಊಟಿ ಮೇಲೆ ಮರಳುವವರು ನೆನಪಿಡಬೇಕಾದ್ದು: ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಬಹುಮಾನ ವಿತರಣೆಗೆ ಕಾದು ಕೂತರೆ ರಾತ್ರಿ ಅಲ್ಲೇ.

ಮಣ್ಣಿನ ದೊಡ್ಡ ಲಾಭವೆಂದರೆ ಕಾರು ಕಡಿಮೆ ವೇಗದಲ್ಲೇ ಜಾರುತ್ತದೆ. ಟಾರಿನ ಮೇಲೆ ಹೆಚ್ಚು ವೇಗದಲ್ಲಿ ಆಗುವ ಜಾರಾಟ ಮಣ್ಣಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ವೇಗಕ್ಕೇ ಆಗುತ್ತದೆ, ಅದೂ ನಿಧಾನವಾಗಿ. ಕೈಕಾಲು ಕಲಿಯಲು ಪುರುಸೊತ್ತು ಸಿಗುತ್ತದೆ. ಟೈರ್, ಬ್ರೇಕ್ ಎರಡೂ ಹೆಚ್ಚು ದಿನ ಬಾಳುತ್ತವೆ. ಬದಲಿಗೆ ಪೆಟ್ಟು ಬೀಳುವುದು ಕಾರಿನ ಹೊಟ್ಟೆಗೆ: ಸಂಪ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ), ಎಕ್ಸಾಸ್ಟ್ ಪೈಪ್, ಮುಂದಿನ ಬಂಪರಿನ ಕ್ಲಿಪ್ಪುಗಳು. ಜೊತೆಗೆ ಕೆಂಧೂಳು ಏರ್ ಫಿಲ್ಟರನ್ನು ಒಂದೇ ದಿನದಲ್ಲಿ ಕಟ್ಟಿಸುತ್ತದೆ.

ಇನ್ನೊಂದು ಸಂಗತಿಯನ್ನು ಹೊಸಬರು ಗಮನಿಸುವುದೇ ಇಲ್ಲ. ಮಣ್ಣಿನ ದಾರಿ ದಿನವಿಡೀ ಬದಲಾಗುತ್ತಲೇ ಇರುತ್ತದೆ. ಮೊದಲ ಕೆಲವು ಕಾರುಗಳು ಮೇಲಿನ ಸಡಿಲ ಮಣ್ಣನ್ನು ಗುಡಿಸಿ ಹೊರಕ್ಕೆಸೆದ ಮೇಲೆ ಅಡಿಯ ಗಟ್ಟಿ ನೆಲ ಕಾಣುತ್ತದೆ, ಹಿಡಿತ ಹೆಚ್ಚುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದೇ ಜಾಗದಲ್ಲಿ ಗಾಲಿಯ ಕೊರಕಲು ಬಿದ್ದಿರುತ್ತದೆ, ತಿರುವಿನ ಹೊರ ಅಂಚಿನಲ್ಲಿ ಸಡಿಲ ಮಣ್ಣಿನ ದಿಬ್ಬ ಎದ್ದಿರುತ್ತದೆ. ಬೆಳಗಿನ ಗೆರೆಯನ್ನೇ ಮಧ್ಯಾಹ್ನವೂ ಹಿಡಿದರೆ ಗಾಲಿ ಆ ದಿಬ್ಬಕ್ಕೆ ಅಡ್ಡಲಾಗಿ ಬಡಿಯುತ್ತದೆ. ಮಣ್ಣಿನಲ್ಲಿ ಕಾರು ಪಲ್ಟಿಯಾಗುವುದು ಬಹುತೇಕ ಹೀಗೇ, ಬರೀ ವೇಗದಿಂದಲ್ಲ. ಮಳೆ ಬಿದ್ದರೆ ಲೆಕ್ಕವೇ ಬೇರೆ. ಮರಳು ಬೆರೆತ ಕೆಂಪು ಮಣ್ಣು ಒಂದೆರಡು ಗಂಟೆಯಲ್ಲಿ ನೀರು ಬಿಡುತ್ತದೆ. ಮಂಡ್ಯದ ನಾಲೆ ಬಯಲಿನ ಗದ್ದೆ ಮಣ್ಣು ಹಾಗಲ್ಲ, ಟೈರಿನ ಸಂದುಗಳಲ್ಲಿ ಮೆತ್ತಿಕೊಂಡು ಹೊಸ ಟೈರನ್ನೂ ಸವೆದ ಟೈರಿನಂತೆ ಮಾಡಿಬಿಡುತ್ತದೆ.

ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರು ಸಡಿಲ ಮಣ್ಣಿನಲ್ಲಿ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ. ಲಾಕ್ ಆದ ಗಾಲಿ ತನ್ನ ಮುಂದೆ ಮಣ್ಣಿನ ಗುಡ್ಡೆ ಕಟ್ಟಿಕೊಂಡು ನಿಲ್ಲುತ್ತದೆ, ಎಬಿಎಸ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಫ್ಯೂಸ್ ಕೀಳುವ ಸಲಹೆ ಕಿವಿಗೆ ಬೀಳುತ್ತದೆ, ಕೇಳಬೇಡಿ. ಅದೇ ಕಾರಿನಲ್ಲಿ ಸಂಜೆ ಹೆದ್ದಾರಿಯಲ್ಲಿ ಮನೆಗೆ ಬರಬೇಕು. ಬ್ರೇಕನ್ನು ಸ್ವಲ್ಪ ಮುಂಚೆ ಒತ್ತಿದರೆ ಕೆಲಸ ಆಗುತ್ತದೆ.

ಟಾರಿನಲ್ಲಿ ಹೊಟ್ಟೆ ಭಯವಿಲ್ಲ, ಧೂಳಿಲ್ಲ. ಆದರೆ ಮುಂದಿನ ಟೈರುಗಳ ಭುಜ (ನೆಲ ತಾಗುವ ಮೈ ಪಕ್ಕದ ಗೋಡೆಗೆ ಸೇರುವ ಅಂಚು) ಒಂದೇ ದಿನದಲ್ಲಿ ತಿಂದುಹೋಗುತ್ತದೆ, ಬ್ರೇಕ್ ಬಿಸಿಯಾಗುತ್ತದೆ, ತಪ್ಪಾದಾಗ ತಿದ್ದಿಕೊಳ್ಳಲು ಸಿಗುವ ಸಮಯ ಕಡಿಮೆ. ಆಯ್ಕೆ ಇದ್ದರೆ ಮಣ್ಣಿನಿಂದ ಶುರುಮಾಡಿ.

ಕಾರ್ಟಿಂಗ್ ಬಗ್ಗೆ ಚಿಕ್ಕದಾಗಿ: ಬೆಂಗಳೂರಿನ ಕಾರ್ಟ್ ಟ್ರ್ಯಾಕಿನಲ್ಲಿ ಹತ್ತು ನಿಮಿಷದ ಒಂದು ಸೆಷನ್ ಎಂದರೆ ಆಟೋಕ್ರಾಸಿನ ಎರಡು ಭಾನುವಾರಗಳಷ್ಟು ಓಡಾಟ. ಎಲ್ಲಿ ಬ್ರೇಕ್, ಎಲ್ಲಿ ತಿರುವು, ಕಣ್ಣು ಎಲ್ಲಿ ಎನ್ನುವುದು ಅಲ್ಲಿ ಬೇಗ ಹತ್ತುತ್ತದೆ. ಆದರೆ ಬಾಡಿಗೆ ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ಗೇರಿಲ್ಲ, ಬ್ರೇಕ್ ಹಿಂದಿನ ಗಾಲಿಗಳಿಗೆ ಮಾತ್ರ. ಆ ಪಾದದ ಅಭ್ಯಾಸವನ್ನು ಕಾರಿಗೆ ತರಬೇಡಿ. ಟಿಎಸ್‌ಡಿ ರ‍್ಯಾಲಿ (ಸಮಯ, ವೇಗ, ದೂರದ ಲೆಕ್ಕದ ಓಟ) ಬೇರೆಯದೇ ಆಟ: ಕೊಟ್ಟ ಸರಾಸರಿ ವೇಗ ಕಾಯ್ದುಕೊಳ್ಳುವ ಗಣಿತ. ಮಜಾ ಇದೆ, ಆದರೆ ಕಾರಿನ ಹಿಡಿತದ ಬಗ್ಗೆ ಏನೂ ಕಲಿಸುವುದಿಲ್ಲ.

ಮನೆ ಕಾರು, ಹಳೇ ಕಾರು, ಪಾಲಿನ ಸೀಟು

ಮನೆ ಕಾರಿನ ಪರ ಇರುವ ವಾದ ಸರಳ. ಅದರ ಕ್ಲಚ್ ಎಲ್ಲಿ ಹಿಡಿಯುತ್ತದೆ, ಸ್ಟಿಯರಿಂಗ್ ಎಷ್ಟು ಸುತ್ತು ಎಂದು ನಿಮಗೆ ಈಗಾಗಲೇ ಗೊತ್ತು. ಹೊಸ ಖರ್ಚು ಪ್ರವೇಶ ಶುಲ್ಕ, ಪೆಟ್ರೋಲ್, ಒಂದು ಸೆಟ್ ಬ್ರೇಕ್ ಪ್ಯಾಡ್ ಅಷ್ಟೇ. ತೊಂದರೆ ಇರುವುದು ಕಾಗದದಲ್ಲಿ. ನಮ್ಮ ದೇಶದ ಸಾಮಾನ್ಯ ವಾಹನ ವಿಮೆ ಸಂಘಟಿತ ರೇಸ್, ವೇಗ ಪರೀಕ್ಷೆ, ಸಹನಶಕ್ತಿ ಪರೀಕ್ಷೆಯಂಥ ಬಳಕೆಯನ್ನು ಹೊರಗಿಡುತ್ತದೆ. ಪಾಲಿಸಿಯಲ್ಲಿ "ಬಳಕೆಯ ಮಿತಿ" ಎಂಬ ಸಾಲನ್ನು ಹುಡುಕಿ ಓದಿ. ಮೈದಾನದಲ್ಲಿ ಮುರಿದದ್ದು ನಿಮ್ಮ ಜೇಬಿನಿಂದಲೇ ರಿಪೇರಿ. ಅದನ್ನು ರಸ್ತೆ ಅಪಘಾತ ಎಂದು ತೋರಿಸಿ ಕ್ಲೇಮ್ ಮಾಡುವುದು ವಂಚನೆ, ಅದರಲ್ಲಿ ಜಾಣತನವೇನಿಲ್ಲ. ಹಾಗಾಗಿ ಸಾಲದ ಕಂತು ಇನ್ನೂ ಇರುವ ಕಾರು, ವಾರಂಟಿಯಲ್ಲಿರುವ ಕಾರು, ಸೋಮವಾರ ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಡಲು ಇರುವ ಒಂದೇ ಕಾರು, ಈ ಮೂರನ್ನೂ ಮನೆಯಲ್ಲೇ ಬಿಡಿ.

ಹಳೇ ಕಾರು ಎಲ್ಲರ ಕನಸು, ಎಲ್ಲರೂ ಲೆಕ್ಕ ತಪ್ಪುವ ಜಾಗವೂ ಇದೇ. ಅಗ್ಗಕ್ಕೆ ಸಿಕ್ಕ ಹದಿನೈದಿಪ್ಪತ್ತು ವರ್ಷದ ಹ್ಯಾಚ್‌ಬ್ಯಾಕಿಗೆ ಮೊದಲ ರನ್ನಿಗೂ ಮುಂಚೆ ಬೇಕಾಗುವುದನ್ನು ಎಣಿಸಿ ನೋಡಿ: ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ನಾಲ್ಕು ಶಾಕ್ ಅಬ್ಸಾರ್ಬರ್, ಎಂಜಿನ್ ಮೌಂಟಿಂಗ್, ರೇಡಿಯೇಟರ್ ಹೋಸ್, ಬ್ರೇಕ್ ಹೋಸ್, ನಾಲ್ಕು ಟೈರ್, ಬ್ಯಾಟರಿ. ಕೊಂಡ ಬೆಲೆಯಷ್ಟೇ ಮತ್ತೊಮ್ಮೆ ಖರ್ಚಾದರೆ ಅಚ್ಚರಿಯಿಲ್ಲ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಅದಕ್ಕೆಂದು ತಯಾರಾಗದ ಹಳೇ ರಬ್ಬರ್ ಪೈಪ್ ಉಬ್ಬಿ, ಬಿರುಕು ಬಿಟ್ಟು ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕತೊಡಗುತ್ತದೆ. ಟ್ಯಾಂಕಿನಿಂದ ಎಂಜಿನ್‌ವರೆಗಿನ ಫ್ಯುಯೆಲ್ ಹೋಸ್, ಕ್ಲಿಪ್ ಎಲ್ಲ ಬದಲಿಸಿ. ಬೇರೆ ಎಲ್ಲ ಕೆಲಸಕ್ಕೂ ಮುಂಚೆ ಇದು.

ಆರ್‌ಸಿ ವಿಷಯ ಇನ್ನೂ ಮುಖ್ಯ. 15 ವರ್ಷ ತುಂಬಿದ ಕಾರಿಗೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ನವೀಕರಿಸದ ಕಾರು ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಅದನ್ನು ಮೈದಾನಕ್ಕೆ ಓಡಿಸಿಕೊಂಡು ಹೋಗುವಂತಿಲ್ಲ. ಪ್ರತಿ ಸಲ ಫ್ಲಾಟ್‌ಬೆಡ್ (ಕಾರು ಹೊರುವ ಲಾರಿ) ಬಾಡಿಗೆ ಹಾಕಿದರೆ ಉಳಿಸಿದ ದುಡ್ಡು ಮೂರ್ನಾಲ್ಕು ಸ್ಪರ್ಧೆಯಲ್ಲಿ ಕರಗುತ್ತದೆ. ಆರ್‌ಸಿ ಸರಿಯಿದ್ದರೂ ರೋಲ್ ಕೇಜ್ (ಪಲ್ಟಿಯಾದಾಗ ಕಾಯುವ ಉಕ್ಕಿನ ಪಂಜರ), ಬೇರೆ ಎಂಜಿನ್ ಎಂದು ಮಾರ್ಪಡಿಸಿದ ಮೇಲೆ ರಸ್ತೆಗೆ ತರುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ಸಿಕ್ಕಿಬೀಳುತ್ತದೆ.

ಮೂರನೆಯ ದಾರಿಯನ್ನು ಯಾರೂ ಮೊದಲು ಯೋಚಿಸುವುದಿಲ್ಲ: ಒಂದು ಕಾರು, ಇಬ್ಬರು ಚಾಲಕರು. ಕೆಲವು ಸ್ಪರ್ಧೆಗಳಲ್ಲಿ ಒಂದೇ ಕಾರಿಗೆ ಎರಡು ಪ್ರವೇಶ ಕೊಡುತ್ತಾರೆ, ಸಂಘಟಕರನ್ನು ಕೇಳಿ. ಟೈರ್, ಪ್ಯಾಡ್, ಸಾಗಣೆ ಎಲ್ಲ ಅರ್ಧರ್ಧ. ಇದರ ನಿಜವಾದ ಬೆಲೆ ಮಾತ್ರ ಬೇರೆ ಕಡೆ ಇದೆ. ಅದೇ ಕಾರು, ಅದೇ ಟೈರ್, ಅದೇ ಮಣ್ಣಿನಲ್ಲಿ ಗೆಳೆಯ ನಾಲ್ಕು ಸೆಕೆಂಡ್ ಮುಂದಿದ್ದರೆ ನೆಪ ಹೇಳಲು ಏನೂ ಉಳಿಯುವುದಿಲ್ಲ. ತೊಂದರೆ ಎರಡು. ಇಬ್ಬರ ರನ್ ಹತ್ತಿರ ಹತ್ತಿರ ಬಂದರೆ ಬ್ರೇಕ್ ತಣಿಯಲು ಸಮಯ ಸಿಗದು. ಇನ್ನೊಂದು, ಮುರಿದರೆ ಯಾರು ಕೊಡಬೇಕು ಎಂಬುದು. ಓಡಿಸುತ್ತಿದ್ದವರು ಪೂರ್ತಿ ಕೊಡಬೇಕೋ, ಯಾಂತ್ರಿಕ ದೋಷವಾದರೆ ಅರ್ಧರ್ಧವೋ, ಇದನ್ನು ಮೊದಲೇ ವಾಟ್ಸಾಪಿನಲ್ಲಾದರೂ ಬರೆದಿಡಿ. ಆಮೇಲೆ ಮಾತಾಡೋಣ ಎಂದ ಸ್ನೇಹಗಳು ಕೆಟ್ಟಿವೆ.

ನಮ್ಮ ಶಿಫಾರಸು: ಪಾಲಿನ ಸೀಟು ಸಿಕ್ಕರೆ ಮೊದಲ ಎರಡು ಮೂರು ಸ್ಪರ್ಧೆ ಅದರಲ್ಲೇ. ಸಿಗದಿದ್ದರೆ, ಮತ್ತು ಮೇಲಿನ ಮೂರು ಷರತ್ತುಗಳು ನಿಮ್ಮನ್ನು ತಡೆಯದಿದ್ದರೆ, ಮನೆ ಕಾರು. ಒಂದು ಋತು ಮುಗಿದ ಮೇಲೂ ಆಸೆ ಉಳಿದಿದ್ದರೆ ಹಳೇ ಕಾರು.

ಕೊಳ್ಳುವುದೇ ಆದರೆ

ಮಾರುತಿ 800, ಹಳೇ ಆಲ್ಟೊ: 796 ಸಿಸಿ, 12 ಇಂಚಿನ ಗಾಲಿ. ಟೈರ್ ಅಗ್ಗ, ಯಾವ ಹಳ್ಳಿಯ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಕಟ್ಟುತ್ತಾರೆ. ಶಕ್ತಿ ಕಡಿಮೆ ಇರುವುದೇ ಇಲ್ಲಿ ಗುರು: ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ಆಕ್ಸಿಲರೇಟರ್ ಒತ್ತಿ ವಾಪಸ್ ಪಡೆಯಲು ಆಗದ್ದರಿಂದ ವೇಗ ಕಳೆಯದಂತೆ ಓಡಿಸುವುದನ್ನು ಕಲಿಯುತ್ತೀರಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ತುಳಿದಾಗ ಟಕ ಟಕ ಸದ್ದು ಬಂದರೆ ಡ್ರೈವ್ ಶಾಫ್ಟಿನ ಜಾಯಿಂಟ್ ಹೋಗಿದೆ. ಮೊದಲ ಜೆನ್ ಸಿಕ್ಕರೆ ಇನ್ನೂ ಒಳ್ಳೆಯದು, 993 ಸಿಸಿ, ಅದೇ ಹಗುರ ಮೈ.

ಎಸ್ಟೀಮ್ 1298 ಸಿಸಿಯ, ತಗ್ಗಿನ, ಚುರುಕಾದ ಕಾರು. ನಮ್ಮ ರ‍್ಯಾಲಿ ಜಗತ್ತು ಇದನ್ನು ಬಹಳ ವರ್ಷ ನೆಚ್ಚಿಕೊಂಡಿತ್ತು. ಆದರೆ ಈಗ ಉಳಿದಿರುವವಕ್ಕೆ ತುಕ್ಕು ಹಿಡಿದಿದೆ. ಕಾರ್ಪೆಟ್ ಎತ್ತಿ ನೆಲ ನೋಡಿ, ಬಾಗಿಲ ಕೆಳಗಿನ ಸಿಲ್ ಒಳಗೆ ಬೆರಳಿಂದ ಒತ್ತಿ ನೋಡಿ, ಡಿಕ್ಕಿಯೊಳಗೆ ಹಿಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗದಲ್ಲಿ ಬಿರುಕಿದೆಯೇ ನೋಡಿ. ಅಲ್ಲಿ ವೆಲ್ಡಿಂಗ್ ಗುರುತು ಕಂಡರೆ ನಮಸ್ಕಾರ ಹೇಳಿ ಬನ್ನಿ.

ನಾವು ಕೈ ತೋರಿಸುವುದು ಸ್ವಿಫ್ಟ್ ಪೆಟ್ರೋಲ್ ಮ್ಯಾನುಯಲ್ ಕಡೆಗೆ. 2005ರಲ್ಲಿ ಬಂದ 1.3 ಲೀಟರಿನದಾದರೆ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ ಎಂದು ಕೇಳಿ, ದಾಖಲೆ ಇಲ್ಲದಿದ್ದರೆ ಬದಲಿಸಿಯೇ ಓಡಿಸಿ. ಆಮೇಲೆ ಬಂದ 1.2 ಲೀಟರಿನ ಕೆ ಸರಣಿಯ ಎಂಜಿನ್‌ಗೆ ಚೈನ್ ಇದೆ, ಆ ತಲೆನೋವಿಲ್ಲ. ಬಿಡಿಭಾಗ ಮದ್ದೂರಿನಲ್ಲೂ ಸಿಗುತ್ತದೆ, ನಂಜನಗೂಡಿನಲ್ಲೂ ಸಿಗುತ್ತದೆ. ಡೀಸೆಲ್ ಸ್ವಿಫ್ಟ್ ಬೇಡ: ಮೂತಿ ಭಾರ, ಹಾಗಾಗಿ ತಿರುವಿನಲ್ಲಿ ನೇರ ಹೋಗುವ ಚಾಳಿ ಜಾಸ್ತಿ, ಜೊತೆಗೆ ಕೋನ್ ಸುತ್ತಿ ಹೊರಬರುವಾಗ ಎಂಜಿನ್ 2,000 ಸುತ್ತಿಗಿಂತ ಕೆಳಗಿದ್ದರೆ ಟರ್ಬೊ ಎಚ್ಚರವಾಗುವಷ್ಟರಲ್ಲಿ ಮುಂದಿನ ಕೋನ್ ಬಂದಿರುತ್ತದೆ.

ಪೋಲೊ ಟಿಎಸ್‌ಐ ವೇಗದ ಕಾರು, ಮೈ ಗಟ್ಟಿ, ಆದರೆ ಬಿಡಿಭಾಗದ ಬಿಲ್ ಹೊಸಬರ ಉತ್ಸಾಹ ಇಳಿಸುತ್ತದೆ. ಏಳು ಗೇರಿನ ಒಣ ಕ್ಲಚ್‌ನ ಡಿಎಸ್‌ಜಿ (ಆಟೊಮ್ಯಾಟಿಕ್ ಗೇರ್) ಇರುವುದಂತೂ ನಿಂತಲ್ಲಿಂದ ಎಳೆಯುವ ಈ ಆಟಕ್ಕೆ ಹೇಳಿದ್ದಲ್ಲ. ಹೋಂಡಾ ಸಿಟಿ ಟಾರಿಗೆ ಚೆನ್ನ, ಮಣ್ಣಿಗೆ ಹೊಟ್ಟೆ ತಾಗುತ್ತದೆ. ಎಎಂಟಿ (ಕ್ಲಚ್, ಗೇರನ್ನು ಯಂತ್ರವೇ ಬದಲಿಸುವ) ಗೇರಿನ ಯಾವ ಕಾರೂ ಬೇಡ, ಬೇಕಾದಾಗ ಗೇರ್ ಇಳಿಯುವುದಿಲ್ಲ.

ಜಿಪ್ಸಿ ಮಣ್ಣಿನ ರಾಜನೇ, ಒಪ್ಪೋಣ. ಆದರೆ ಬೇಡಿಕೆ ಬೆಲೆಯನ್ನು ಏರಿಸಿದೆ. ಹಲಗೆ ಸ್ಪ್ರಿಂಗಿನ ಎತ್ತರದ ಗಾಡಿ, ಹೊಸಬರ ತಪ್ಪನ್ನು ಕ್ಷಮಿಸುವುದಿಲ್ಲ. ಅದರ ಫೋರ್ ವೀಲ್ ವ್ಯವಸ್ಥೆಯಲ್ಲಿ ಮುಂದಿನ, ಹಿಂದಿನ ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಮಧ್ಯದ ಡಿಫರೆನ್ಷಿಯಲ್ ಇಲ್ಲ, ಒಣ ಟಾರಿನಲ್ಲಿ ಅದನ್ನು ಹಾಕಿ ತಿರುಗಿಸಿದರೆ ಗೇರು, ಶಾಫ್ಟುಗಳ ಮೇಲೆ ಒತ್ತಡ ಕಟ್ಟುತ್ತದೆ. ಮೂರನೇ ವರ್ಷಕ್ಕೆ ಇಟ್ಟುಕೊಳ್ಳಿ.

ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಮೊದಲು ಬ್ರೇಕ್ ಆಯಿಲ್. ಹೊಸ ಡಾಟ್ 4 (ಬ್ರೇಕ್ ದ್ರವದ ಒಂದು ದರ್ಜೆ) ಕುದಿಯುವುದು 230 ಡಿಗ್ರಿ ಸೆಲ್ಸಿಯಸ್ ಮೇಲೆ. ತೇವ ಹೀರಿದ ಮೇಲೆ ಅದೇ ದ್ರವದ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಎರಡು ವರ್ಷದಿಂದ ಬದಲಿಸದ ದ್ರವ ಮೂರನೇ ರನ್ನಿನಲ್ಲಿ ಕುದ್ದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಒಂದು ಲೀಟರ್ ತಂದು ನಾಲ್ಕೂ ಗಾಲಿಯಲ್ಲಿ ಹೊಸ ದ್ರವ ಬರುವವರೆಗೆ ಹಳೆಯದನ್ನು ಹೊರಬಿಟ್ಟು ಬ್ಲೀಡ್ ಮಾಡಿಸಿ. ಕೆಲವು ನೂರು ರೂಪಾಯಿಯ ಈ ಕೆಲಸದಷ್ಟು ಲಾಭ ಬೇರಾವುದೂ ಕೊಡುವುದಿಲ್ಲ.

ಮಣ್ಣಿಗಾದರೆ ಸಂಪ್ ಗಾರ್ಡ್ ಎರಡನೆಯದು. 3 ಮಿಲಿಮೀಟರ್ ಉಕ್ಕಿನ ತಗಡು ಸಾಕು, ಡ್ರೈನ್ ಬೋಲ್ಟಿನ ಜಾಗದಲ್ಲಿ ತೂತಿರಲಿ. ಗಾರ್ಡನ್ನು ತೆಳು ತಗಡಿನ ಬ್ರಾಕೆಟ್‌ಗೆ ಕಟ್ಟಿದರೆ ಮೊದಲ ಪೆಟ್ಟಿಗೇ ಬಾಗಿ ಸಂಪಿಗೇ ಒರಗುತ್ತದೆ. ಚಾಸಿಸ್ ಮೆಂಬರಿಗೆ ಬೋಲ್ಟ್ ಮಾಡಿಸಿ.

ಹೆಲ್ಮೆಟ್ ಮುಖ ಪೂರ್ತಿ ಮುಚ್ಚುವಂಥದ್ದು, ಐಎಸ್ 4151 (ಭಾರತೀಯ ಹೆಲ್ಮೆಟ್ ಮಾನದಂಡ) ಗುರುತಿನದು. ಮೋಟಾರ್‌ಸೈಕಲ್ ಹೆಲ್ಮೆಟ್ಟಿಗೂ ಕಾರ್ ರೇಸಿಂಗ್ ಹೆಲ್ಮೆಟ್ಟಿಗೂ ಇರುವ ಮುಖ್ಯ ವ್ಯತ್ಯಾಸ ಒಳಗಿನ ಬಟ್ಟೆ ಬೆಂಕಿ ತಡೆಯುತ್ತದೆಯೇ ಎಂಬುದು. ಸ್ಥಳೀಯ ಸ್ಪರ್ಧೆಯ ನಿಯಮ ಮೊದಲನೆಯದನ್ನು ಒಪ್ಪಿದರೆ ಅದರಲ್ಲೇ ಶುರುಮಾಡಿ. ಹತ್ತಿ ಬಟ್ಟೆ, ತೆಳು ಅಡಿಯ ಶೂ. ನೈಲಾನ್ ಜರ್ಸಿ ಬೇಡ, ಶಾಖಕ್ಕೆ ಕರಗಿ ಮೈಗೆ ಅಂಟುತ್ತದೆ.

ಟೈರ್ ವಿಷಯದಲ್ಲಿ ಅಗಲಕ್ಕಿಂತ ಒತ್ತಡ ಮುಖ್ಯ. ಟಾರಿನಲ್ಲಿ ಮುಂದಿನ ಟೈರಿಗೆ ಕಂಪನಿ ಹೇಳಿದ್ದಕ್ಕಿಂತ 4 ಪಿಎಸ್‌ಐ ಹೆಚ್ಚು ಹಾಕಿ, ಭುಜದ ಅಂಚಿನಲ್ಲಿ ಸೀಮೆಸುಣ್ಣದಿಂದ ಮೂರು ಕಡೆ ಅಡ್ಡಗೆರೆ ಎಳೆದು ಒಂದು ರನ್ ಓಡಿಸಿ. ಸುಣ್ಣ ಪಕ್ಕದ ಗೋಡೆಯವರೆಗೂ ಅಳಿಸಿದ್ದರೆ ಟೈರ್ ಮಗುಚುತ್ತಿದೆ, ಇನ್ನೂ 2 ಏರಿಸಿ. ಅಳಿಕೆ ಭುಜದ ಅಂಚಿನವರೆಗೂ ಬರದೆ ಸುಣ್ಣ ಉಳಿದಿದ್ದರೆ ಒತ್ತಡ ಇಳಿಸಿ. ಟೈರ್ ಬಿಸಿಯಾದಂತೆ ಒತ್ತಡ ತಾನಾಗಿ ಏರುತ್ತದೆ, ಹಾಗಾಗಿ ಪ್ರತಿ ರನ್ ಮುಗಿದ ಕೂಡಲೇ ಅಳೆದು ಬರೆದಿಡಿ. ಸಡಿಲ ಮಣ್ಣಿನಲ್ಲಿ ಕಂಪನಿಯ ಅಳತೆಯೇ ಸರಿ. ತೀರ ಇಳಿಸಿದರೆ ಕೊರಕಲಿಗೆ ಬಡಿದಾಗ ಟೈರ್ ರಿಮ್ಮಿನಿಂದ ಕಳಚುತ್ತದೆ.

ಬೇಡವಾದವು: ಜೋರು ಸದ್ದಿನ ಎಕ್ಸಾಸ್ಟ್, ತೆರೆದ ಏರ್ ಫಿಲ್ಟರ್ (ಮಣ್ಣಿನಲ್ಲಿ ಎಂಜಿನ್‌ಗೆ ಧೂಳು ಉಣಿಸುವ ದಾರಿ), ತಗ್ಗಿಸುವ ಸ್ಪ್ರಿಂಗ್, 17 ಇಂಚಿನ ಅಲಾಯ್. ನಾಲ್ಕು ಪಟ್ಟಿಯ ಹಾರ್ನೆಸ್ಸನ್ನು ಕಂಪನಿಯ ಸೀಟಿಗೆ ಕಟ್ಟಬೇಡಿ, ಡಿಕ್ಕಿಯಾದಾಗ ಮೈ ಸೊಂಟದ ಪಟ್ಟಿಯ ಅಡಿಯಿಂದ ಜಾರುವ ಅಪಾಯವಿದೆ. ಮೂಲ ಬೆಲ್ಟೇ ಬಿಗಿಯಾಗಿ ಕೂರಲು ಒಂದು ಉಪಾಯ: ಸೀಟನ್ನು ಒಂದೆರಡು ಹಲ್ಲು ಹಿಂದೆ ಸರಿಸಿ, ಬೆಲ್ಟನ್ನು ಜಗ್ಗಿ ಲಾಕ್ ಆಗಿಸಿ, ಹಿಡಿದುಕೊಂಡೇ ಸೀಟನ್ನು ಮುಂದಕ್ಕೆ ತನ್ನಿ.

ಅಭ್ಯಾಸ ಎಲ್ಲಿ?

ರಿಂಗ್ ರೋಡಿನಲ್ಲಲ್ಲ, ಚಾಮುಂಡಿ ಬೆಟ್ಟದ ರಸ್ತೆಯಲ್ಲಲ್ಲ, ದಶಪಥದ ಸರ್ವಿಸ್ ರಸ್ತೆಯಲ್ಲೂ ಅಲ್ಲ. ಸಾರ್ವಜನಿಕ ಜಾಗದಲ್ಲಿ ಅನುಮತಿಯಿಲ್ಲದ ರೇಸ್, ವೇಗ ಪರೀಕ್ಷೆಗೆ ಕಾಯ್ದೆಯ 189ನೇ ಸೆಕ್ಷನ್‌ನಲ್ಲಿ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಾಲೀಕರ ಒಪ್ಪಿಗೆ ಇರುವ ಬಯಲೋ ಕಟಾವಾದ ಒಣ ಹೊಲವೋ ಇದ್ದರೆ ಐದು ಕೋನ್‌ಗಳನ್ನು 15 ಮೀಟರ್ ಅಂತರದಲ್ಲಿ ಸಾಲಾಗಿಡಿ, ಮರ, ಕಂಬ, ಬಾವಿ ಯಾವುದೂ 30 ಮೀಟರ್ ಒಳಗಿರಬಾರದು. ಮೊದಲು 30 ವೇಗದಲ್ಲಿ ಹಾವಿನ ನಡೆ, ಆಕ್ಸಿಲರೇಟರ್ ಬದಲಿಸದೆ. ಕಾರು ನೇರ ಹೋಗತೊಡಗಿದರೆ ಸ್ಟಿಯರಿಂಗ್ ಇನ್ನಷ್ಟು ತಿರುಗಿಸುವುದು ಎಲ್ಲರೂ ಮಾಡುವ ತಪ್ಪು. ಮುಂದಿನ ಟೈರ್ ಆಗಲೇ ಸೋತಿದೆ, ಕೋನ ಹೆಚ್ಚಿಸಿದರೆ ಇನ್ನೂ ಸೋಲುತ್ತದೆ. ಕಾಲು ತುಸು ಸಡಿಲಿಸಿ, ಸ್ಟಿಯರಿಂಗನ್ನು ಕೂದಲೆಳೆಯಷ್ಟು ಬಿಚ್ಚಿ, ಮೂತಿ ತಾನೇ ಒಳಕ್ಕೆ ಬರುತ್ತದೆ.

ಸ್ಪರ್ಧೆಯ ದಿನ

ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಕ್ರೀಡಾ ಕ್ಲಬ್‌ಗಳ ಒಕ್ಕೂಟ) ಮಾನ್ಯತೆಯ ಸ್ಪರ್ಧೆಗೆ ಸ್ಪರ್ಧಾ ಲೈಸೆನ್ಸ್ ಬೇಕು, ಕೊನೆಯ ವಾರಕ್ಕೆ ಬಿಡಬೇಡಿ. ಊರಿನ ಮೋಜಿನ ಓಟವಾದರೆ ನೀವೇ ನೋಡಬೇಕಾದ್ದು: ಆಂಬ್ಯುಲೆನ್ಸ್ ನಿಂತಿದೆಯೇ, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ, ತಿರುವಿನ ಹೊರಬದಿಯಲ್ಲಿ ಜನ ನಿಂತಿದ್ದಾರೆಯೇ. ಬೇಲಿಯಿಲ್ಲದೆ ಜನ ಅಲ್ಲಿ ನಿಂತಿದ್ದರೆ ಶುಲ್ಕ ಹೋದರೂ ಸರಿ, ಓಡಿಸಬೇಡಿ.

ಕಾರಿನೊಳಗಿನ ಸಡಿಲ ವಸ್ತುಗಳೆಲ್ಲ ಹೊರಗೆ: ಸ್ಟೆಪ್ನಿ, ಜಾಕ್, ನೀರಿನ ಬಾಟಲಿ, ಚಾಲಕನ ಕಾಲಡಿಯ ಮ್ಯಾಟ್. ಡ್ಯಾಶ್‌ಬೋರ್ಡಿನ ಮೇಲಿನ ಚಾಮುಂಡವ್ವನಿಗೂ ಕೈಮುಗಿದು ಚೀಲದೊಳಗೆ ಜಾಗ ಮಾಡಿ, ಡಬಲ್ ಟೇಪಿಗೆ ಆ ಸೆಳೆತ ತಡೆಯದು. ಎಂಜಿನ್ ಆಯಿಲ್ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಗೆ ಇರಲಿ. ಕಡಿಮೆಯಿದ್ದರೆ ಉದ್ದ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪು ಗಾಳಿ ಎಳೆಯುತ್ತದೆ. ದಾರಿಯನ್ನು ಮೂರು ಸಲ ನಡೆದು ನೋಡಿ, ಮೂರನೆಯ ಸಲ ಒಬ್ಬರೇ, ಕಾರಿನಲ್ಲಿ ಕೂತಾಗಿನ ಕಣ್ಣೆತ್ತರಕ್ಕೆ ಬಗ್ಗಿ. ನಿಂತು ನೋಡಿದಾಗ ಸ್ಪಷ್ಟವಾಗಿ ಕಂಡ ದ್ವಾರ ಅಲ್ಲಿಂದ ಕೋನ್‌ಗಳ ಕಾಡಿನಂತೆ ಕಾಣುತ್ತದೆ.

ಮೊದಲ ರನ್ನಿನ ಗುರಿ ಒಂದೇ, ದಾರಿ ತಪ್ಪದೆ ಮುಗಿಸುವುದು. ಹೊರಟ ಕೂಡಲೇ ಎರಡನೇ ಗೇರಿಗೆ ಹಾಕಿ ಅಲ್ಲೇ ಬಿಡಿ. ಮುಗಿಸಿ ಪ್ಯಾಡಕ್ಕಿಗೆ (ಕಾರು ನಿಲ್ಲಿಸುವ ಜಾಗಕ್ಕೆ) ಬಂದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಬ್ರೇಕ್ ಮೇಲೆ ಕಾಲಿಟ್ಟು ನಿಲ್ಲಲೂ ಬೇಡಿ. ಕಾದ ಪ್ಯಾಡ್ ಡಿಸ್ಕಿನ ಒಂದೇ ಜಾಗಕ್ಕೆ ಅಂಟಿ ಪದರ ಬಿಟ್ಟರೆ ಆಮೇಲೆ ಪೆಡಲ್ ಅದುರುತ್ತಲೇ ಇರುತ್ತದೆ. ಗೇರಿನಲ್ಲಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಡಿ.

ಮನೆಗೆ ಹೊರಡುವ ಮುಂಚೆ ಟೈರ್ ಒತ್ತಡ ರಸ್ತೆಯ ಅಳತೆಗೆ ತನ್ನಿ. ಗಾಲಿ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ನೋಡಿ, ಪೋಲೊಗೆ 120 ನ್ಯೂಟನ್ ಮೀಟರ್, ಬೇರೆ ಕಾರಿಗೆ ಕೈಪಿಡಿ ನೋಡಿ. ರಿಮ್ಮಿನ ಒಳಬದಿಯಲ್ಲಿ ಕೂತ ಮಣ್ಣು ಕೆರೆದು ತೆಗೆಯಿರಿ, ಇಲ್ಲದಿದ್ದರೆ 80 ದಾಟಿದ ಕೂಡಲೇ ಸ್ಟಿಯರಿಂಗ್ ನಡುಗುತ್ತದೆ, ನೀವು ಅಲೈನ್‌ಮೆಂಟ್ ಹೋಯಿತೆಂದು ಗ್ಯಾರೇಜಿಗೆ ಓಡುತ್ತೀರಿ. ಏರ್ ಫಿಲ್ಟರನ್ನು ಅವತ್ತೇ ತೆಗೆದು ತಟ್ಟಿ. ಕಾರಿನ ಅಡಿ ತೊಳೆಸುವುದು ಮಾತ್ರ ಮರುದಿನಕ್ಕಿರಲಿ, ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗುತ್ತದೆ.